“ಹತ್ತರಿಂದ ಆರರ ಒಳಗೆ ಬರುತ್ತೇವೆ”: ಕೆಲಸಕ್ಕೆ ಹೋಗುವವರು ಯಾವಾಗ ಮನೆಯಲ್ಲಿರಬೇಕು?

ಬನಶಂಕರಿ ವಾಸಿ

ಮನೆಯ ನೀರು ಶುದ್ಧೀಕರಣ ಯಂತ್ರ ಕೆಟ್ಟಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ದೂರು ಕೊಟ್ಟಾಗ “ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ ನಮ್ಮ ಹುಡುಗ ಬರುತ್ತಾನೆ, ಮನೆಯಲ್ಲಿ ಇರುತ್ತೀರಿ ಅಲ್ಲವೇ?” ಎಂದರು. ಹತ್ತರಿಂದ ಆರು ಎಂದರೆ ಇಡೀ ಹಗಲು. ಆದರೂ ರಜೆ ಹಾಕಿ ಕುಳಿತೆ. ಐದೂವರೆಗೆ ಒಂದು ಸಂದೇಶ ಬಂತು: “ಗ್ರಾಹಕರು ಲಭ್ಯವಿರಲಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.” ಕರೆಗಂಟೆ ಒತ್ತಿದವರಿಲ್ಲ, ಫೋನ್ ಮಾಡಿದವರಿಲ್ಲ. ನಾನು ಬಾಗಿಲಿಂದ ಹತ್ತಡಿ ದೂರದಲ್ಲಿ ಬಟ್ಟೆ ಮಡಚುತ್ತಿದ್ದೆ.

ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಯಜಮಾನರು ಬ್ಯಾಂಕಿನಲ್ಲಿ. ಗ್ಯಾಸ್, ಕೊರಿಯರ್, ಬಡಗಿ, ಮಗುವಿನ ಶಾಲೆಯ ಸಭೆ ಎಲ್ಲವೂ ಹಗಲಿನಲ್ಲಿ ಮನೆಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಡೆಯುತ್ತಿವೆ. ಆ ಒಬ್ಬರು ಯಾರು? ಅತ್ತೆಯೋ, ಅಮ್ಮನೋ, ಮದುವೆಯಾದ ಮೇಲೆ ಕೆಲಸ ಬಿಟ್ಟ ಸೊಸೆಯೋ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ.

ನಾನು ಕೇಳುವುದಿಷ್ಟು. ಊಟಕ್ಕೆ ಮುಂಚೆಯೋ ನಂತರವೋ ಹೇಳಲಿ, ಹೊರಡುವ ಮೊದಲು ಒಂದು ಕರೆ ಮಾಡಲಿ, ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸಲಿ. ಇದು ಅತಿಯಾಯಿತೇ? ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ವಾರಕ್ಕೆ ಐದು ದಿನ

ಇದಕ್ಕೆ ಇಷ್ಟು ಯೋಚನೆ ಏಕೆ? ಎಲ್ಲವನ್ನೂ ಶನಿವಾರಕ್ಕೆ ಇಡಿ. ಶಾಲೆಯ ಸಭೆ, ರಿಪೇರಿ, ದಂತವೈದ್ಯರು ಎಲ್ಲ ಶನಿವಾರ. ನಾನಂತೂ ಹಾಗೆಯೇ ಮಾಡುತ್ತೇನೆ.

ನಲ್ಲಿ ಕೆಲಸದವನು

ಮೇಡಂ, ನೀವು ಕೇಳಿದ್ದು ಅತಿಯಲ್ಲ. ಫೋನ್ ಮಾಡದೆ ದೂರು ಮುಚ್ಚಿದವನದ್ದು ತಪ್ಪೇ. ಆದರೆ ನಮ್ಮ ಕಡೆಯ ಕಥೆಯನ್ನೂ ಕೇಳಿ. ನಾನು ಕಂಪನಿಯವನಲ್ಲ, ಸ್ವಂತವಾಗಿ ಪ್ಲಂಬಿಂಗ್ ಮಾಡುವವನು.

ವಾಷರ್ ಬದಲಿಸಲು ಹೋಗುತ್ತೇನೆ, ಹತ್ತು ನಿಮಿಷದ ಕೆಲಸ. ಹಳೆಯ ಮನೆ, ಗೋಡೆಯೊಳಗೆ ಜಿಐ ಪೈಪ್, ಎಂದರೆ ಕಬ್ಬಿಣದ್ದು. ನಲ್ಲಿ ತಿರುಗಿಸಿದ ಕೂಡಲೇ ತುಕ್ಕು ಹಿಡಿದ ಎಲ್ಬೋ, ಪೈಪ್ ತಿರುಗುವ ಕಡೆಯ ಜೋಡಣೆ, ಒಳಗೇ ಮುರಿಯುತ್ತದೆ. ಈಗ ಟೈಲ್ಸ್ ಒಡೆಯಬೇಕು, ಅಂಗಡಿಗೆ ಹೋಗಬೇಕು, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಜೋಡಿಸಬೇಕು, ಅಂಟು ಗಟ್ಟಿಯಾಗುವವರೆಗೆ ನೀರು ಬಿಡದೆ ಕಾಯಬೇಕು. ಅಷ್ಟರಲ್ಲಿ ಹನ್ನೊಂದಕ್ಕೆ ಬರುತ್ತೇನೆ ಎಂದು ನಾನು ಮಾತು ಕೊಟ್ಟ ಮನೆಯವರು ಬೈಯಲು ಆರಂಭಿಸಿರುತ್ತಾರೆ. ಮೊದಲ ಮನೆಯವರನ್ನು ನೀರಿಲ್ಲದೆ ಬಿಟ್ಟು ಬರಲೇ?

ಇನ್ನೊಂದು ಮಾತಿದೆ. ನಿಮ್ಮಂತೆ ಕೆಲಸಕ್ಕೆ ಹೋಗುವವರೆಲ್ಲ “ಬೆಳಿಗ್ಗೆ ಎಂಟಕ್ಕೆ ಬನ್ನಿ, ಇಲ್ಲವಾದರೆ ಸಂಜೆ ಏಳರ ಮೇಲೆ ಬನ್ನಿ, ಇಲ್ಲವಾದರೆ ಭಾನುವಾರ ಬನ್ನಿ” ಎನ್ನುತ್ತಾರೆ. ಬರಲು ನಾನು ಸಿದ್ಧ. ಆದರೆ ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೋರ್ಡ್ ಹಾಕಿದ್ದಾರೆ: ಡ್ರಿಲ್ ಮಾಡುವ, ಒಡೆಯುವ ಕೆಲಸ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ, ಭಾನುವಾರ ಇಲ್ಲವೇ ಇಲ್ಲ. ಬೋರ್ಡ್ ಹಾಕಿದವರು ನೀವು, ಎಂದರೆ ಮಾಲೀಕರ ಸಂಘ. ಮಾಲೀಕರು ಆಫೀಸಿನಲ್ಲಿರುವ ಹೊತ್ತಿನಲ್ಲಿ ಮಾತ್ರ ಮಾಲೀಕರ ಮನೆಯಲ್ಲಿ ಕೆಲಸ ಮಾಡಬಹುದು ಎಂದು ಮಾಲೀಕರೇ ಬರೆದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ನಾನು ಏನು ಹೇಳಲಿ?

ಬನಶಂಕರಿ ವಾಸಿ

ಈ ಬೋರ್ಡಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲೂ ಹತ್ತರಿಂದ ಐದು ಎಂದೇ ಇದೆ. ಭಾನುವಾರ ಮಧ್ಯಾಹ್ನ ಮಲಗುವವರ ತಲೆಯ ಮೇಲೆ ಡ್ರಿಲ್ ಬೇಡ ಎಂಬುದು ಸರಿ. ಆದರೆ ನಲ್ಲಿಯ ವಾಷರ್, ಫ್ಯಾನಿನ ಕೆಪಾಸಿಟರ್ ಬದಲಿಸಲು ಸದ್ದೇ ಆಗುವುದಿಲ್ಲವಲ್ಲ. ಸದ್ದಿಲ್ಲದ ಕೆಲಸಕ್ಕೆ ರಾತ್ರಿ ಎಂಟೂವರೆಯವರೆಗೆ ಬಿಡಿ ಎಂದು ಸಂಘಕ್ಕೆ ಬರೆಯುತ್ತೇನೆ.

“ವಾರಕ್ಕೆ ಐದು ದಿನ” ಅವರೇ, ಬ್ಯಾಂಕಿನವರಿಗೆ ಶನಿವಾರ ಎಂಬುದೇ ಒಂದು ಗಣಿತ. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರಗಳಂದು ಪೂರ್ತಿ ದಿನದ ಕೆಲಸ. ಸರಿ, ರಜಾ ಶನಿವಾರ ಸರ್ಕಾರಿ ಕಚೇರಿಯ ಕೆಲಸ ಮುಗಿಸೋಣ ಎಂದುಕೊಂಡರೆ ಅವರಿಗೂ ಅವೇ ಎರಡು ಶನಿವಾರ ರಜೆ. ಒಂದೇ ಪಂಚಾಂಗ ನೋಡಿ ಮುಹೂರ್ತ ಇಟ್ಟಹಾಗಿದೆ.

ನಿವೃತ್ತ ಶಿರಸ್ತೇದಾರ

ತಾಲ್ಲೂಕು ಕಚೇರಿಯಲ್ಲಿ ಜೀವನ ಸವೆಸಿದವನು ನಾನು, ಆದ್ದರಿಂದ ಒಂದೆರಡು ಮಾತು. ನಾಲ್ಕನೇ ಶನಿವಾರದ ರಜೆ ರಾಜ್ಯ ಸರ್ಕಾರಿ ನೌಕರರಿಗೆ ಬಂದದ್ದು 2019ರ ಜೂನ್‌ನಲ್ಲಿ. ಪುಕ್ಕಟೆಯಾಗಿ ಬರಲಿಲ್ಲ, ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು. ನೌಕರರ ದೃಷ್ಟಿಯಿಂದ ಲೆಕ್ಕ ಸರಿಹೋಯಿತು. ಜನರ ದೃಷ್ಟಿಯಿಂದ ಆ ಲೆಕ್ಕವನ್ನು ಯಾರೂ ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಕಾಲ ಕಾಯ್ದೆ ಬಂದಾಗ ನಾನು ಸೇವೆಯಲ್ಲಿದ್ದೆ. 2012ರಿಂದ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳಿಗೆ ಇಷ್ಟು ದಿನ ಎಂದು ಗಡುವು ಬಂತು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಒಳ್ಳೆಯ ಕಾಯ್ದೆ, ನಾಡಕಚೇರಿಗಳಲ್ಲಿ ಅದರಿಂದ ಶಿಸ್ತು ಬಂದದ್ದನ್ನು ಕಂಡಿದ್ದೇನೆ. ಆದರೆ ಅದು ಅಳೆಯುವುದು ಕಾಗದ ಎಷ್ಟು ದಿನ ಕಚೇರಿಯಲ್ಲಿತ್ತು ಎಂಬುದನ್ನು. ಅರ್ಜಿದಾರ ಎಷ್ಟು ಸಲ ಕೂಲಿ ಬಿಟ್ಟು ಬಂದ ಎಂಬ ಲೆಕ್ಕ ಅದರಲ್ಲಿಲ್ಲ. ಗಡುವಿನೊಳಗೆ ಪ್ರಮಾಣಪತ್ರ ಸಿಕ್ಕಿತು ಎಂದರೆ ಕಡತದಲ್ಲಿ ಎಲ್ಲವೂ ಸುಸೂತ್ರ. ಆ ಮನುಷ್ಯ ಪಡಿತರ ಚೀಟಿಯ ಜೆರಾಕ್ಸ್‌ಗೆ ಒಮ್ಮೆ, ಸಾಹೇಬರ ಸಹಿಗೆ ಒಮ್ಮೆ, “ಸರ್ವರ್ ಇಲ್ಲ, ನಾಳೆ ಬಾ” ಎಂದದ್ದಕ್ಕೆ ಒಮ್ಮೆ ಬಂದದ್ದು ಎಲ್ಲೂ ದಾಖಲಾಗುವುದಿಲ್ಲ.

“ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ” ಎಂಬ ಮಾತಿನ ಮೇಲೆ ಜನರಿಗೆ ಸಿಟ್ಟು. ಬಹಳ ಸಲ ಅದು ನಿಜವೇ ಆಗಿರುತ್ತದೆ, ಜಿಲ್ಲಾಧಿಕಾರಿಗಳ ವಿಡಿಯೊ ಸಭೆ ಯಾವಾಗ ಎಂದು ನಮಗೇ ಬೆಳಿಗ್ಗೆ ತಿಳಿಯುತ್ತಿತ್ತು. ಆದರೆ ತಿಳಿದ ಕೂಡಲೇ ಬಾಗಿಲ ಬಳಿಯ ಕಪ್ಪುಹಲಗೆಯಲ್ಲಿ ಬರೆಯಬಹುದಿತ್ತಲ್ಲ? “ಇಂದು ತಹಶೀಲ್ದಾರರು ಮೂರರ ನಂತರ ಲಭ್ಯ” ಎಂದು ಒಂದು ಸಾಲು. ಸೀಮೆಸುಣ್ಣಕ್ಕೆ ಮಂಜೂರಾತಿ ಬೇಕಿರಲಿಲ್ಲ. ನಮ್ಮಲ್ಲಿ ಒಬ್ಬ ದ್ವಿತೀಯ ದರ್ಜೆ ಸಹಾಯಕಿ ಹಾಗೆ ಬರೆಯುತ್ತಿದ್ದಳು. ಅವಳು ವರ್ಗವಾದ ಮೇಲೆ ಹಲಗೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದರು.

ಜಯನಗರ 4ನೇ ಬ್ಲಾಕ್

ಎಲ್ಲವನ್ನೂ ಕತ್ತಲೆಯಾಗಿ ತೋರಿಸಬೇಡಿ. ಬೆಂಗಳೂರು ಒನ್ ಕೇಂದ್ರಗಳು 2005ರಲ್ಲಿ ಬಂದಾಗ ಭಾನುವಾರವೂ ವಿದ್ಯುತ್ ಬಿಲ್ ಕಟ್ಟಬಹುದಾಯಿತು. ಪಾಸ್‌ಪೋರ್ಟ್ ಕೇಂದ್ರದಲ್ಲಿ ಗಂಟೆ ನಿಮಿಷ ಸಮೇತ ಸಮಯ ಕೊಡುತ್ತಾರೆ. ಎ, ಬಿ, ಸಿ ಕೌಂಟರ್ ದಾಟಿದರೆ ಕೆಲಸ ಮುಗಿಯಿತು. 2024ರ ಅಕ್ಟೋಬರ್‌ನಿಂದ ಕೆಲವು ಉಪನೋಂದಣಿ ಕಚೇರಿಗಳನ್ನು ಸರದಿಯ ಮೇಲೆ ರಜಾ ಶನಿವಾರ, ಭಾನುವಾರಗಳಂದೂ ತೆರೆಸಿದರು. ಬ್ಯಾಂಕಿನವರಿಗೆ ಇದು ಉಪಯೋಗ. ಮನಸ್ಸು ಮಾಡಿದರೆ ಆಗುತ್ತದೆ.

ಹೊಲಿಗೆ ಲೈನ್

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಯ ವ್ಯಾನಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್.

ಶನಿವಾರ ಇಡಿ ಎಂದು ಬರೆದ ಅಣ್ಣನವರಿಗೆ: ನಮಗೆ ಶನಿವಾರವೂ ಪೂರ್ತಿ ಕೆಲಸ. ಭಾನುವಾರ ಮಾತ್ರ ರಜೆ. ಕಚೇರಿಯಲ್ಲಿರುವವರು ರಜೆ ಹಾಕಿದರೆ ಒಂದು ರಜೆ ಕಡಿಮೆಯಾಗುತ್ತದೆ. ನಾವು ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಜೊತೆಗೆ ತಿಂಗಳ ಹಾಜರಾತಿ ಬೋನಸ್ ಕೂಡ ಹೋಗುತ್ತದೆ. ಅರ್ಧ ದಿನಕ್ಕೆ ಗೇಟ್ ಪಾಸ್ ಕೇಳಿದರೆ “ನಿನ್ನ ಮೆಷಿನ್ ನಿಂತರೆ ಲೈನ್ ನಿಲ್ಲುತ್ತದೆ” ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಕೂಗುತ್ತಾರೆ.

ಮಗಳ ಶಾಲೆಯಲ್ಲಿ ಪೋಷಕರ ಸಭೆ ಮಂಗಳವಾರ ಹನ್ನೊಂದಕ್ಕೆ. ಚೀಟಿ ಸೋಮವಾರ ಸಂಜೆ ಬರುತ್ತದೆ. ಹೋಗದಿದ್ದರೆ “ಈ ಮಗುವಿನ ಮನೆಯವರಿಗೆ ಕಾಳಜಿಯಿಲ್ಲ” ಎನ್ನುತ್ತಾರೆ. ಒಂದು ವಾರ ಮೊದಲು ಹೇಳಿದರೆ ಪಕ್ಕದ ಮೆಷಿನ್‌ನವಳ ಜೊತೆ ಏನಾದರೂ ಹೊಂದಿಸಿಕೊಳ್ಳಬಹುದು. ಸಮಯ ಬದಲಿಸಿ ಎಂದು ಕೇಳುವ ಧೈರ್ಯ ನನಗಿಲ್ಲ, ಚೀಟಿಯನ್ನಾದರೂ ಬೇಗ ಕಳಿಸಲಿ.

ವಾರಕ್ಕೆ ಐದು ದಿನ

ನನ್ನ ಶನಿವಾರದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

[ನಿರ್ವಾಹಕರು ಅಳಿಸಿದ ಬರಹ]

ನಿರ್ವಾಹಕ

“ಹೆಂಗಸರು ಮನೆಯಲ್ಲಿದ್ದಿದ್ದರೆ ಈ ಸಮಸ್ಯೆಯೇ ಇರುತ್ತಿರಲಿಲ್ಲ” ಎಂಬ ಧಾಟಿಯ ಬರಹವನ್ನು ತೆಗೆದಿದ್ದೇನೆ. ಭಿನ್ನಾಭಿಪ್ರಾಯ ಇರಲಿ, ಕೀಟಲೆ ಬೇಡ.

ಮನೆಯಿಂದಲೇ ಕೆಲಸ

ಅಳಿಸಿದ್ದೀರಿ, ಆದರೆ ಆ ಮಾತನ್ನು ಬಾಯಿ ಬಿಟ್ಟು ಹೇಳದೆ ನಡೆಸಿಕೊಳ್ಳುವವರು ಬಹಳ. ನಾನು ಮನೆಯಿಂದ ಕೆಲಸ ಮಾಡುತ್ತೇನೆ, ಅದರಿಂದ ಇಡೀ ಮಹಡಿಯ ಕಾವಲುಗಾರ್ತಿ ಆಗಿಬಿಟ್ಟಿದ್ದೇನೆ. ಎದುರು ಮನೆಯ ಪಾರ್ಸೆಲ್, ಮೇಲಿನ ಮನೆಯ ಗ್ಯಾಸ್, ಪಕ್ಕದ ಮನೆಯ ಕೀಲಿ ಎಲ್ಲ ನನ್ನ ಪಾಲು. “ಹೇಗೂ ಮನೆಯಲ್ಲೇ ಇರುತ್ತೀರಲ್ಲ” ಎನ್ನುತ್ತಾರೆ. ಇರುತ್ತೇನೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗ್ರಾಹಕರ ಬೈಗುಳ ಕೇಳುತ್ತ. ಕೇಳಿ ಮಾಡಿಸಿಕೊಂಡರೆ ಬೇಸರವಿಲ್ಲ. ಕೇಳದೆಯೇ ನನ್ನ ಮನೆಯ ಸಂಖ್ಯೆಯನ್ನು ಕೊರಿಯರ್‌ನವನಿಗೆ ಕೊಡುತ್ತಾರೆ, ಅದಕ್ಕೆ ಬೇಸರ.

ಮ್ಯೂನಿಕ್ ಕನ್ನಡಿಗ

ಜರ್ಮನಿಯಲ್ಲಿ ಹೇಗೆ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಇಲ್ಲಿ ಸ್ವರ್ಗವೇನಿಲ್ಲ. ಪ್ಲಂಬರ್ ಬೇಕೆಂದರೆ ವಾರಗಟ್ಟಲೆ ಕಾಯಬೇಕು. ಬಂದರೆ ಬೆಳಿಗ್ಗೆ ಏಳಕ್ಕೇ ಬಾಗಿಲು ತಟ್ಟುತ್ತಾನೆ, ಶುಕ್ರವಾರ ಮಧ್ಯಾಹ್ನದ ಮೇಲೆ ಅವನ ಸುದ್ದಿಯೇ ಇರುವುದಿಲ್ಲ. ಭಾನುವಾರ ಅಂಗಡಿಗಳು ಬಂದ್, ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬರುತ್ತಾರೆ. ಅದಕ್ಕೇ ಶನಿವಾರ ಸೂಪರ್‌ಮಾರ್ಕೆಟ್‌ನಲ್ಲಿ ಜಾತ್ರೆ.

ಒಂದು ಪದ್ಧತಿ ಮಾತ್ರ ಒಳ್ಳೆಯದು. ಚಳಿಗಾಲದ ಶಾಖದ ಮೀಟರ್ ಓದುವವರು, ಹೊಗೆಗೂಡು ಪರೀಕ್ಷಿಸುವವರು ಬರುವುದಾದರೆ ಕಟ್ಟಡದ ಮುಂಬಾಗಿಲಿಗೆ ಬಹಳ ಮೊದಲೇ ಚೀಟಿ ಅಂಟಿಸುತ್ತಾರೆ: ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ, ಆಗದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ ಬೇರೆ ದಿನ ಪಡೆಯಿರಿ. ಜನ ಹೆಚ್ಚು ಸಭ್ಯರು ಎಂದು ಹೀಗೆ ನಡೆಯುತ್ತಿಲ್ಲ. ಬಾಗಿಲು ತೆರೆಯದಿದ್ದರೆ ಇನ್ನೊಮ್ಮೆ ಬರುವ ಖರ್ಚು ಅವರದೇ ತಲೆಗೆ ಬರುತ್ತದೆ. “ಬನಶಂಕರಿ ವಾಸಿ” ಅವರ ಪ್ರಕರಣದಲ್ಲಿ ಕಂಪನಿಗೆ ಏನೂ ನಷ್ಟವಾಗಲಿಲ್ಲ, ಅಂಕಿಅಂಶದಲ್ಲಿ ಒಂದು ದೂರು ಕಡಿಮೆಯಾಯಿತು ಅಷ್ಟೇ.

ಪಂಚಾಂಗಪ್ರಿಯ

ಗಂಭೀರ ಚರ್ಚೆಯ ನಡುವೆ ಒಂದು ಸಣ್ಣ ಪುಕಾರು. ನಮ್ಮ ಅಜ್ಜಿ ರಾಹುಕಾಲದಲ್ಲಿ ಬಡಗಿಯನ್ನು ಮನೆಯೊಳಗೆ ಬಿಡುವುದಿಲ್ಲ. ಸೋಮವಾರ ಆಫೀಸಿಗೆ ಮುಂಚೆ ಕರೆಸೋಣ ಎಂದರೆ 7:30ರಿಂದ 9 ರಾಹುಕಾಲ. ಶನಿವಾರ ತಿಂಡಿ ಮುಗಿಸಿ ಆರಂಭಿಸೋಣ ಎಂದರೆ 9ರಿಂದ 10:30. ಭಾನುವಾರ ಸಂಜೆ ಎಂದರೆ 4:30ರಿಂದ 6. ಸಂಬಳಕ್ಕೆ ದುಡಿಯುವವರಿಗೆ ಬಿಡುವು ಸಿಗುವ ಹೊತ್ತನ್ನೇ ಹುಡುಕಿ ರಾಹು ಕುಳಿತಿದ್ದಾನೆ. ಬುಧವಾರ ಮಧ್ಯಾಹ್ನ 12ರಿಂದ 1:30 ಕೂಡ ಅವನದೇ, ಆದರೆ ಆಗ ಬಡಗಿಯೂ ಊಟಕ್ಕೆ ಹೋಗಿರುತ್ತಾನೆ, ತಕರಾರಿಲ್ಲ.

ಕ್ಲಿನಿಕ್ ರಿಸೆಪ್ಷನ್

ವೈದ್ಯರ ಬಗ್ಗೆ ಇನ್ನೂ ಯಾರೂ ಬೈದಿಲ್ಲ, ಬೈಯುವ ಮೊದಲು ನಾನೇ ಬರುತ್ತೇನೆ. ನಮ್ಮಲ್ಲಿ ಸಂಜೆ ಆರಕ್ಕೆ ಟೋಕನ್ ಆರಂಭ. ಡಾಕ್ಟರು ದೊಡ್ಡ ಆಸ್ಪತ್ರೆಯ ರೌಂಡ್ಸ್ ಮುಗಿಸಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಬರುವಾಗ ಏಳು ದಾಟಿರುತ್ತದೆ. ಹಾಗಿದ್ದರೆ ಏಳೂಕಾಲು ಎಂದು ಬೋರ್ಡ್ ಹಾಕಿ ಎಂದು ನಾನೇ ಹೇಳಿ ನೋಡಿದೆ. “ಅಕಸ್ಮಾತ್ ನಾನು ಬೇಗ ಬಂದು ರೋಗಿಗಳಿಲ್ಲದಿದ್ದರೆ?” ಎಂದರು. ಅವರ ಹದಿನೈದು ನಿಮಿಷ ಉಳಿಸಲು ಮೂವತ್ತು ಜನರ ಒಂದೊಂದು ಗಂಟೆ. ಮಧ್ಯೆ ಔಷಧ ಕಂಪನಿಯ ಪ್ರತಿನಿಧಿಗಳು ಬ್ಯಾಗ್ ಹಿಡಿದು ಒಳಗೆ ಹೋಗುವಾಗ ಕುಳಿತವರು ನನ್ನನ್ನು ನೋಡುವ ನೋಟ ನಿಮಗೆ ಗೊತ್ತೇ ಇದೆ.

ರೋಗಿಗಳ ಕಡೆಯದನ್ನೂ ಹೇಳಿಬಿಡುತ್ತೇನೆ. ಎರಡು ಕ್ಲಿನಿಕ್‌ಗಳಲ್ಲಿ ಟೋಕನ್ ತೆಗೆದು ಎಲ್ಲಿ ಬೇಗವೋ ಅಲ್ಲಿಗೆ ಹೋಗುತ್ತಾರೆ. ಬರುವುದಿಲ್ಲ ಎಂದು ಒಂದು ಕರೆ ಮಾಡುವುದಿಲ್ಲ. ಈಗ ನಾನು “ಎಂಟನೇ ಟೋಕನ್ ಒಳಗಿದೆ, ನಿಮ್ಮದು ಹದಿನಾಲ್ಕು” ಎಂದು ವಾಟ್ಸ್‌ಆಪ್ ಕಳಿಸುತ್ತೇನೆ. ನನಗೆ ಯಾರೂ ಹೇಳಿದ ಕೆಲಸವಲ್ಲ ಇದು. ಜನ ಹೊರಗೆ ಹೋಗಿ ತರಕಾರಿ ತಂದು, ಕಾಫಿ ಕುಡಿದು ಸರಿಯಾಗಿ ಬರುತ್ತಾರೆ. ಜಗಳ ಕಡಿಮೆಯಾಗಿದೆ, ಅದೇ ನನ್ನ ಲಾಭ.

ಗ್ಯಾಸ್ ಏಜೆನ್ಸಿಯಲ್ಲಿ ಲೆಕ್ಕ

ಸಿಲಿಂಡರ್ ಬಗ್ಗೆ ಚಿಕ್ಕದಾಗಿ. 2020ರ ನವೆಂಬರ್‌ನಲ್ಲಿ ಡೆಲಿವರಿ ಕೋಡ್ ಪದ್ಧತಿ ಬಂದ ಮೇಲೆ ನಮಗೂ ಫಜೀತಿ: ಕೋಡ್ ಇರುವ ಮೊಬೈಲ್ ಆಫೀಸಿನಲ್ಲಿ, ಬಾಗಿಲು ತೆರೆಯುವವರು ಮನೆಯಲ್ಲಿ. 14.2 ಕಿಲೋ ಅನಿಲ, ಅದರ ಜೊತೆ ಕಬ್ಬಿಣದ ತೂಕ, ಹೊತ್ತು ಮೂರನೇ ಮಹಡಿಗೆ ಏರಿದ ಹುಡುಗ ನೀವು ಫೋನ್ ಎತ್ತುವವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಾನೆ. ಬುಕ್ ಮಾಡಿದ ದಿನವೇ ಕೋಡನ್ನು ಮನೆಯವರಿಗೋ ನಂಬಿಕೆಯ ಪಕ್ಕದವರಿಗೋ ಕಳಿಸಿಡಿ. ಗಂಟೆ ಹೇಳಲು ನಮಗೆ ಆಗುವುದಿಲ್ಲ, ಲೋಡ್ ಬಂದ ಮೇಲೆಯೇ ಗಾಡಿ ಹೊರಡುವುದು. ಆದರೆ ಗಾಡಿ ನಿಮ್ಮ ರಸ್ತೆಗೆ ಊಟಕ್ಕೆ ಮುಂಚೆಯೋ ನಂತರವೋ ಎಂಬುದು ಬೆಳಿಗ್ಗೆ ಒಂಬತ್ತೂವರೆಗೆ ಗೊತ್ತಾಗಿರುತ್ತದೆ. ಕೇಳಿದವರಿಗೆ ಹೇಳುತ್ತೇವೆ, ಕೇಳುವವರು ಕಡಿಮೆ.

ಮೂರು ಮನೆ ಕೆಲಸದವಳ ಮಗ

ಇಷ್ಟೆಲ್ಲ ಓದಿದೆ. ಒಬ್ಬರನ್ನು ಎಲ್ಲರೂ ಮರೆತಿದ್ದೀರಿ. ನೀವು ಆಫೀಸಿಗೆ ಹೋದಾಗ ಎಸಿ ರಿಪೇರಿಯವನು ಬಂದರೆ ಮನೆಯಲ್ಲಿ ನಿಂತು ನೋಡಿಕೊಳ್ಳುವವರು ಯಾರು? ನಮ್ಮ ಅಮ್ಮ. “ಅವನು ಬಂದು ಹೋಗುವವರೆಗೆ ಸ್ವಲ್ಪ ಇರು” ಎನ್ನುತ್ತಾರೆ. ಆ ಸ್ವಲ್ಪ ಎರಡು ಗಂಟೆಯಾಗುತ್ತದೆ. ಅಷ್ಟರಲ್ಲಿ ಎರಡನೇ ಮನೆಯ ಪಾತ್ರೆ ಒಣಗಿರುತ್ತದೆ, ಮೂರನೇ ಮನೆಯವರು ಫೋನ್ ಮಾಡಿ “ನಾಳೆಯಿಂದ ಬರಬೇಡ” ಎಂದು ಹೆದರಿಸಿರುತ್ತಾರೆ. ಆ ಎರಡು ಗಂಟೆಗೆ ದುಡ್ಡು ಕೊಟ್ಟವರನ್ನು ನಾನು ಕಂಡಿಲ್ಲ. ಉಳಿದ ಉಪ್ಪಿಟ್ಟು ಕೊಡುತ್ತಾರೆ.

ನೀವು ಊರಿಗೆ ಹೋಗುವ ವಿಷಯವನ್ನು ಹಿಂದಿನ ದಿನ ಹೇಳಿದರೆ ಅಮ್ಮ ಬೆಳಿಗ್ಗೆ ಆರಕ್ಕೆ ಎದ್ದು ಬಂದು ಬೀಗ ನೋಡಿಕೊಂಡು ಹೋಗುವುದು ತಪ್ಪುತ್ತದೆ.

ಬನಶಂಕರಿ ವಾಸಿ

ನಮ್ಮ ಮನೆಗೆ ಬರುವವರು ಮಧ್ಯಾಹ್ನವೇ ಹೊರಟುಬಿಡುತ್ತಾರೆ, ಆದ್ದರಿಂದ ಅವರನ್ನು ನಿಲ್ಲಿಸಿಕೊಂಡಿಲ್ಲ. ಆದರೆ ನಿಲ್ಲಿಸಿಕೊಂಡರೆ ಆ ಹೊತ್ತಿಗೆ ಬೇರೆ ಹಣ ಕೊಡಬೇಕು, ಮುಂದಿನ ಮನೆಯವರಿಗೆ ನಾವೇ ಫೋನ್ ಮಾಡಿ ಹೇಳಬೇಕು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಎಲ್ಲರ ಬರಹ ಓದಿದ ಮೇಲೆ ನನಗೆ ಕಾಣುವುದು: ಯಾರ ಹೊತ್ತಿಗೆ ಬೆಲೆ ಕಡಿಮೆ ಎಂದುಕೊಂಡಿದ್ದೇವೆಯೋ ಕಾಯುವ ಕೆಲಸ ಕೊನೆಗೆ ಅವರ ಪಾಲಿಗೆ ಬೀಳುತ್ತದೆ. ಕಂಪನಿ ನನ್ನನ್ನು ಕಾಯಿಸುತ್ತದೆ, ನಾನು ಇನ್ನೊಬ್ಬರನ್ನು.

ಪ್ಲಂಬರ್ ಅವರೇ, ಸಂಘದವರು ಸದ್ದಿಲ್ಲದ ಕೆಲಸಕ್ಕೆ ಒಪ್ಪಿದರೆ ಸಂಜೆ ಏಳಕ್ಕೆ ಬರುತ್ತೀರಾ? ಸಂಜೆಯ ಕೆಲಸಕ್ಕೆ ಹೆಚ್ಚು ಎಷ್ಟು ಕೊಡಬೇಕು?

ನಲ್ಲಿ ಕೆಲಸದವನು

ಬರುತ್ತೇನೆ ಮೇಡಂ. ಹೆಚ್ಚು ಎಷ್ಟೆಂದು ಕೆಲಸ ನೋಡಿ ಮಾತಾಡೋಣ. ಎರಡು ವಿಷಯ ಮಾಡಿಡಿ. ನನ್ನ ಹೆಸರನ್ನು ಗೇಟಿನಲ್ಲಿ ಮೊದಲೇ ಹೇಳಿಡಿ, ಕಾವಲುಗಾರ ನಿಮಗೆ ಫೋನ್ ಮಾಡಿ, ನೀವು ಎತ್ತದೆ, ನಾನು ಅರ್ಧ ಗಂಟೆ ಹೊರಗೆ ನಿಲ್ಲುವುದು ಬೇಡ. ಸೋರುವ ಜಾಗದ ಫೋಟೊ, ನಲ್ಲಿಯ ಫೋಟೊ ಹಿಂದಿನ ದಿನವೇ ಕಳಿಸಿ. ಸಾಮಾನು ಹಗಲಿನಲ್ಲೇ ತಂದಿಟ್ಟುಕೊಳ್ಳುತ್ತೇನೆ, ರಾತ್ರಿ ಹಾರ್ಡ್‌ವೇರ್ ಅಂಗಡಿ ಮುಚ್ಚಿರುತ್ತದೆ. ಆದರೆ ಭಾನುವಾರ ಕರೆಯಬೇಡಿ, ಅದು ನನ್ನ ಮಕ್ಕಳ ದಿನ.

ಸರ್ಕಾರಿ ಶಾಲೆ ಮೇಷ್ಟ್ರು

“ಹೊಲಿಗೆ ಲೈನ್” ತಾಯಿಯವರೇ, ನಾನು ನಿಮ್ಮ ಮಗಳ ಶಾಲೆಯವನಲ್ಲ, ಆದರೆ ನಮ್ಮಲ್ಲೂ ಅರ್ಧಕ್ಕರ್ಧ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಸಭೆಗೆ ಬಂದವರ ಸಹಿ ಪುಸ್ತಕ ತೆರೆದು ನೋಡಿದರೆ ಅಜ್ಜ ಅಜ್ಜಿಯರ ಹೆಬ್ಬೆಟ್ಟೇ ಹೆಚ್ಚು. ಭಾನುವಾರ ಸಭೆ ಇಡಿ ಎಂದು ಸುಲಭವಾಗಿ ಹೇಳುತ್ತಾರೆ. ಶಿಕ್ಷಕಿಯರಿಗೂ ಮನೆಯಿದೆ, ಅವರ ಮಕ್ಕಳ ಶಾಲೆಯಲ್ಲೂ ಸಭೆಗಳಿವೆ. ನಮ್ಮ ತರಗತಿಯ ಮಟ್ಟಿಗೆ ಬೆಳಿಗ್ಗೆ ಎಂಟೂವರೆಗೆ ಬಂದು ಸಿಗುತ್ತೇನೆ ಎಂದು ಹೇಳಿನೋಡೋಣವೇ ಎಂಬ ಯೋಚನೆಯಿದೆ. ನಿಮ್ಮಂಥವರಿಗೆ ಅದು ಸರಿಹೋಗುತ್ತದೆಯೇ?

ಹೊಲಿಗೆ ಲೈನ್

ಇಲ್ಲ ಮೇಷ್ಟ್ರೇ, ನಮ್ಮ ವ್ಯಾನ್ ಎಂಟಕ್ಕೆಲ್ಲ ಹೊರಡುತ್ತದೆ.

ಸರ್ಕಾರಿ ಶಾಲೆ ಮೇಷ್ಟ್ರು

ಹಾಗಾದರೆ ಸಂಜೆ ಏಳಕ್ಕೆ ಫೋನ್? ತಿಂಗಳಿಗೊಮ್ಮೆ, ಒಬ್ಬೊಬ್ಬರಿಗೂ ಐದು ನಿಮಿಷ. ದಿನಕ್ಕೆ ನಾಲ್ಕು ಮನೆ ಎಂದುಕೊಂಡರೂ ಮುಗಿಸಬಹುದು.

ಹೊಲಿಗೆ ಲೈನ್

ಫೋನ್ ಬಹಳ ಒಳ್ಳೆಯದು ಮೇಷ್ಟ್ರೇ, ನಮ್ಮ ಶಾಲೆಯವರಿಗೂ ಇದನ್ನೇ ಹೇಳುತ್ತೇನೆ. ಆದರೆ ಏಳಕ್ಕೆ ಬೇಡ, ಏಳೂವರೆಯ ಮೇಲೆ ಮಾಡಲಿ. ಏಳಕ್ಕೆ ನಮ್ಮ ಬೀದಿಗೆ ನೀರು ಬಿಡುತ್ತಾರೆ.